ಬಾಜಿಗಿಟ್ಟ ಮೀಸಿ

ಎಣಿಕಿ ಮುಗದು ಮೂರು ದಿನ ಆತು.
ಗುಳೇದಗುಡ್ಡದ ಚೌಬಜಾರದಾಗ
ಯಾರೂ ಗಟ್ಟ್ಯಾಗಿ ಮಾತಾಡವಲ್ರು.
ಸೋತವರು ಬಿಡ್ರಿ, ಗೆದ್ದವರಿಗೂ ಗಾಬರಿ,
ಗುರುತಿಲ್ಲದವರ ಮದವಿ ಪಂಕ್ತ್ಯಾಗ ತಪ್ಪಿ ಕುಂತವರಂಗ
ಅತ್ತಾಗ ಇತ್ತಾಗ ನೋಡಾಕ ಹತ್ಯಾರ.

ಅಂಗಡಿ ಟಿವಿಗೆ ಟಾವೆಲ್ ಹೊದಿಸೀನಿ.
ಎಕ್ಸಿಟ್ ಪೋಲಿನ ಸಂಜಿ
ಇದರ ಮುಂದ ಹನ್ನೆರಡು ಮಂದಿ ನಿಂತಿದ್ರು,
ಒಬ್ಬನ ಅರ್ಧ ಗಡ್ಡದ ಮ್ಯಾಲೆ
ನೊರಿ ಒಣಗಿ ಬಿರುಕು ಬಿಟ್ಟಿತ್ತು.
ಆವತ್ತ ಖಣದ ವ್ಯಾಪಾರಿ ಸಂಕಣ್ಣ ಬರಗುಂಡಿ
ಕುರ್ಚಿ ಕೈ ಗುದ್ದಿ ಅಂದಿದ್ದ:
"ನಮ್ಮವ್ರು ಬರಲಿಲ್ಲಂದ್ರ ಈ ಮೀಸಿ ನಿಂದು, ಹಡಪದ."

ಇವತ್ತ ರಾತ್ರಿ ಒಂಬತ್ತಕ್ಕ
ಅರ್ಧ ಇಳಿಸಿದ ಶಟರ್ ಕೆಳಗ ಬಗ್ಗಿ ಬಂದ.
ಬಿಡ್ರಿ ಸಾವ್ಕಾರ್ರ, ಯಾರೂ ಕೇಳಿಲ್ಲಲ್ಲ, ಅಂದೆ.
"ಯಾರೂ ಕೇಳಲಿಲ್ಲಂತನ ಬಂದೀನಿ."

ಎಡಕ್ಕ ತಗದಾಗ ಕನ್ನಡಿ ನೋಡಿದ.
ಬಲಕ್ಕ ತಗದಾಗ ನೋಡಲಿಲ್ಲ.
ಮೂವತ್ತೊಂದು ವರ್ಷದ ಮೀಸಿ ಅಡಿ
ತೊಗಲು ಬೆಳ್ಳಗಿತ್ತು,
ಫೋಟೋ ತಗದ ಗೋಡಿ ಮ್ಯಾಲೆ ಉಳಿಯೋ ಚೌಕದಂಗ.

ಆಮ್ಯಾಲೆ ಗಡ್ಡಕ್ಕ ಕತ್ತಿ ಹಚ್ಚಿದೆ. ಗಂಟಲ ಎತ್ತಿ ಕೇಳಿದ:
"ಎಲ್ಲಾರೂ ಹೂಂ ಅಂದಿದ್ರಲ್ಲೋ.
ಮಗ್ಗದವ್ರು, ಚಾದ ಹಸನ್‌ಸಾಬ, ಸೆರಗು ಹಚ್ಚೋ ಕಾಶವ್ವ,
ಮನಿಯಾಗ ಕುಂಡ್ರಿಸಿ, ಚಾ ಕೊಟ್ಟು, ಹೂಂ ಅಂದ್ರು.
ಹಂಗಾದ್ರ ಒತ್ತಿದವ್ರು ಯಾರು?"

ಕತ್ತಿ ನಿಂತಿತು.

ಇಪ್ಪತ್ತಾರು ವರ್ಷದಿಂದ ಈ ಅಂಗಡ್ಯಾಗ
ನನ್ನ ರಾಜಕೀಯ ಒಂದ ಅಕ್ಷರದ್ದು.
ಅವರಿಗೂ ಹೂಂ, ಇವರಿಗೂ ಹೂಂ.
ಅವರ ಗಂಟಲ ನನ್ನ ಕೈಯಾಗ,
ನನ್ನ ಹೊಟ್ಟಿ ಅವರ ಕೈಯಾಗ.
ಆ ಸಾಲಿ ಖೋಲ್ಯಾಗ, ರಟ್ಟಿನ ಮರಿಗೆ,
ಹೂಂ ಅನ್ನಾಕ ಎದರಿಗೆ ಯಾರೂ ಇರಲಿಲ್ಲ.
ಗುಂಡಿ ಒತ್ತಿದೆ. ಗಾಜಿನ ಹಿಂದ ಚೀಟಿ
ಏಳು ಸೆಕೆಂಡ ನಿಂತು ಕೆಳಗ ಬಿತ್ತು.
ಏಳು ಸೆಕೆಂಡ ನನ್ನ ಮಾತು ನನಗ ಕಂಡಿತು.
ಅದ್ರಾಗ ಏನಿತ್ತಂತ
ಮನಿಯಾಕಿಗೂ ಹೇಳಿಲ್ಲ, ನಿಮಗೂ ಹೇಳೂದಿಲ್ಲ.

ಆದ್ರ ಸಂಕಣ್ಣನ ಗಂಟಲ ಮ್ಯಾಲೆ
ಕತ್ತಿ ಹಿಡಕೊಂಡು ಲೆಕ್ಕ ಹಾಕಾಕ ಹತ್ತಿದ್ದೆ:
ಎಷ್ಟು ಹೂಂ ಕೂಡಿದ್ರ
ಒಂದು ಊಹೂಂ ಆಗತೈತಿ?

"ಯಾಕ ನಿಂತಿ?" ಅಂದ.
ಏನಿಲ್ರಿ, ಅಂದೆ. ಪಟಕ ಉಜ್ಜಿದೆ, ಉರಿ ಹತ್ತಿ ಹಲ್ಲು ಕಡದ.
"ಎಷ್ಟು ದಿನಕ್ಕ ಬೆಳೀತೈತೋ ಇದು?"
ಇಪ್ಪತ್ತು ದಿನಕ್ಕ ತಿರುವಾಕ ಬರತೈತ್ರಿ.
"ಐದು ವರ್ಷ ಅಲ್ಲಲ್ಲ, ಪಾಡಾತು," ಅಂತ ನಕ್ಕ.
ಬರೇ ತುಟಿ ನಗೂದನ್ನ ಅವನ ಮಾರ್ಯಾಗ
ಮೊದಲನೇ ಸಲ ನೋಡಿದೆ.
ನಾನೂ ನಕ್ಕೆ. ಹೂಂ ಅನ್ನೂದು ಮರತೆ.

ರೊಕ್ಕ ಕೊಡಾಕ ಬಂದ, ಒಲ್ಲೆ ಅಂದೆ.
ಮತ್ತ ಬಗ್ಗಿ ಶಟರ್ ದಾಟಿದ.
ಕಟ್ಟಿ ಮ್ಯಾಲೆ ಕಾಯ್ಕೊಂತ ಕುಂತಿದ್ದ ಅವನ ನಾಯಿ
ಮಾರಿ ನೋಡಿ ಗುರುತು ಸಿಗದ
ಒಂದ ಸವನ ಬೊಗಳಾಕ ಹತ್ತಿತು.
ಮೂರು ದಿನಕ್ಕ
ಚೌಬಜಾರದಾಗ ಅದ ಮೊದಲ ಗಟ್ಟಿ ಮಾತು.