ಇಬ್ಬರಿಗೆ ಸಾಕಾಗುವ ನೆರಳು

ಮುಹರ್ರಕ್‌ನಲ್ಲಿ ಸೆಪ್ಟೆಂಬರ್ ಎಂದರೆ
ಬಿಸಿಲು ಇನ್ನೂ ಚಪ್ಪಲಿ ಬಿಟ್ಟು ಒಳಗೇ ಕೂತಿದೆ ಎಂದರ್ಥ.
ನಮ್ಮ ಗುಂಪಿಗೆ ಬಂದ ವಿಷಯ:
ಬಸ್ ನಿಲ್ದಾಣದಿಂದ ಹಳೆ ಮಾರುಕಟ್ಟೆವರೆಗೆ
ನಡೆಯುವವರಿಗೆ ಎಲ್ಲೆಲ್ಲಿ, ಎಷ್ಟೆಷ್ಟು ಹೊತ್ತು ನೆರಳು?
ನಾಲ್ಕು ಜನ. ಆರು ಶನಿವಾರ. ಇಪ್ಪತ್ತೈದು ಅಂಕ.

ಕೂಡಿ ಬಾಳಿದರೆ ಸ್ವರ್ಗ ಸುಖ, ಅಂದಳು ಅಮ್ಮ
ಡಬ್ಬಿಯೊಳಗೆ ನೀರುದೋಸೆ ಮಡಚಿಡುತ್ತ.
ಅಮ್ಮ ಯಾವತ್ತೂ ಗ್ರೂಪ್ ಪ್ರಾಜೆಕ್ಟ್ ಮಾಡಿದವಳಲ್ಲ.

ಮೊದಲ ದಿನವೇ ಕೆಲಸ ಹಂಚಿಬಿಟ್ಟೆ,
ಮದುವೆಮನೆಯಲ್ಲಿ ಯಾರೂ ಕರೆಯದೆ ಉಸ್ತುವಾರಿಗೆ ನಿಂತ
ಸೋದರತ್ತೆಯ ಹಾಗೆ.
ಲುಲ್ವಾ ನಕ್ಷೆ ಬರೆಯಲಿ.
ರೊವೆನಾ ಥರ್ಮಾಮೀಟರ್ ಹಿಡಿಯಲಿ.
ಅಫ್ನಾಸ್ ಟೇಪು ಹಿಡಿದು ನೆರಳಿನ ಉದ್ದ ಅಳೆಯಲಿ.
ಉಳಿದದ್ದೆಲ್ಲ ನನ್ನದು.
ಉಳಿದದ್ದು ಎಂದರೆ, ಮುಖಪುಟ.

ಲುಲ್ವಾಳ ಗಲ್ಲಿಗಳು ಸೊಟ್ಟ.
ಸ್ಕೇಲು ಇಟ್ಟು ಬರಿ, ಅಂದೆ.
ಅವಳು ಪೆನ್ಸಿಲ್ ಕೆಳಗಿಟ್ಟಳು:
ಅಜ್ಜಿ ಹುಟ್ಟಿದ ಗಲ್ಲಿ ಅದು.
ಸೊಟ್ಟಗಿರುವುದಕ್ಕೇ ಅಲ್ಲಿ ಗಾಳಿ ನಿಂತು ಮಾತಾಡಿಸಿ ಹೋಗುತ್ತೆ.
ನೆಟ್ಟಗೆ ಬೇಕಿದ್ದರೆ ಹೆದ್ದಾರಿ ಬರಿ, ನೀನೇ.

ರೊವೆನಾಳ ಅಂಕಿಗಳು ಮಾತ್ರ ಎಷ್ಟು ಮುದ್ದು!
ನಲವತ್ತು, ನಲವತ್ತೊಂದು, ನಲವತ್ತೆರಡು,
ಮತ್ತೆ ನಲವತ್ತೊಂದು, ನಲವತ್ತು.
ಮೆಟ್ಟಿಲು ಹತ್ತಿ ಇಳಿಯುವ ಮಗುವಿನಂತೆ.
ಮೂರು ವಾರ ಹೊಗಳಿದೆ.
ನಾಲ್ಕನೆಯ ವಾರ ಗೊತ್ತಾಯಿತು
ಥರ್ಮಾಮೀಟರ್ ಮೊದಲ ಶನಿವಾರವೇ ಒಡೆದಿತ್ತು,
ಚೂರುಗಳು ಇನ್ನೂ ಅವಳ ಪೆನ್ಸಿಲ್ ಡಬ್ಬಿಯಲ್ಲಿದ್ದವು.
ಯಾಕೆ ಹೇಳಲಿಲ್ಲ?
ಅವಳು ನನ್ನನ್ನೇ ನೋಡಿದಳು.
ತಪ್ಪು ಅಂಕಿಗಿಂತ ಹೆಚ್ಚು
ನನಗೆ ಹೆದರಿದ್ದಳು.

ಇನ್ನು ಅಫ್ನಾಸ್. ಬರಲೇ ಇಲ್ಲ.
ಒಂದು ಶನಿವಾರವೂ.
ಮುಖಪುಟದಿಂದ ಅವನ ಹೆಸರು ತೆಗೆದೆ.
ಒಂದು ಹೆಸರು ಅಳಿಸಲು
ಸೊಳ್ಳೆ ಹೊಡೆಯುವಷ್ಟೂ ಬಲ ಬೇಡ.

ಐದನೆಯ ಶನಿವಾರ, ನೆತ್ತಿ ಸುಡುವ ಹೊತ್ತು,
ಲಬನ್ ಕೊಳ್ಳಲು ಕೋಲ್ಡ್ ಸ್ಟೋರಿಗೆ ಹೋದರೆ
ಶಾಲೆಯ ಪ್ಯಾಂಟಿನಲ್ಲೇ ಅವನು.
ಹೆಗಲ ಮೇಲೆ ನೀರಿನ ದೊಡ್ಡ ಕ್ಯಾನು,
ಲಿಫ್ಟಿಲ್ಲದ ಮೂರನೆಯ ಮಹಡಿ.
ಉಪ್ಪಾಗೆ ಬೆನ್ನು, ಅಂದ. ಎರಡು ತಿಂಗಳಾಯ್ತು.
ಮತ್ತೆ ಗಲ್ಲೆಯ ಅಡಿಯಿಂದ ತೆಗೆದುಕೊಟ್ಟ
ಮೊಟ್ಟೆಯ ರಟ್ಟಿನ ಒಂದು ತುಂಡು.
ಪೆನ್ಸಿಲಿನ ಗೀಚು:

ಹನ್ನೆರಡೂವರೆ. ದರ್ಜಿಯ ಬೋರ್ಡಿನ ಅಡಿ. ಇಬ್ಬರಿಗೆ ಸಾಕು.
ಒಂದು ಗಂಟೆ. ಮಸೀದಿಯ ಗೋಡೆ. ಕೂತರೆ ಮಾತ್ರ.
ಎರಡು. ನಿಂತ ಲಾರಿ. ಅದು ಹೊರಟರೆ ಏನೂ ಇಲ್ಲ.
ಎರಡೂ ಕಾಲು. ಬೀಗ ಹಾಕಿದ ಮನೆಯ ಬಾಗಿಲು.
ಒಬ್ಬ, ಒಂದು ಬೆಕ್ಕು.

ಮೀಟರ್ ಎಲ್ಲೂ ಇರಲಿಲ್ಲ.
ಸುಸ್ತಾದ ದೇಹಗಳನ್ನೇ ಅಳತೆಗೋಲು ಮಾಡಿದ್ದ.

ಹನ್ನೊಂದು ಸಂದೇಶ ಕಳಿಸಿದ್ದೆ ಅವನಿಗೆ.
ಆ ರಾತ್ರಿ ಒಂದೊಂದನ್ನೂ ತೆರೆದು ಓದಿದೆ.
ಹನ್ನೊಂದರಲ್ಲಿ ಒಂದು ಕಡೆಯೂ
ಪ್ರಶ್ನಾರ್ಥಕ ಚಿಹ್ನೆ ಇರಲಿಲ್ಲ.

ಹೆಸರು ಮತ್ತೆ ಸೇರಿಸಿದೆ. ಮೊದಲು ಅವನದು.
ಇದನ್ನು ಅವನಿಗೆ ಹೇಳಲಿಲ್ಲ; ಅಳಿಸಿದ್ದನ್ನೂ.
ಈಗಲೂ ಹೇಳಿಲ್ಲ.
ಕಲಿತೆ ಅನ್ನುವುದು ಅಷ್ಟು ಸಲೀಸಲ್ಲ.

ತರಗತಿಯಲ್ಲಿ ರೊವೆನಾ ಎದ್ದು ನಿಂತು
ಈ ಕಾಲಂ ಖಾಲಿ, ಅಂದಳು, ದನಿ ನಡುಗಿಸದೆ.
ಒಡೆದದ್ದು ನನ್ನ ಕೈಯಲ್ಲಿ.
ಖಾಲಿ ಕಾಲಂಗೆ ಏಳು ಅಂಕ ಹೋದವು.
ಹದಿನೆಂಟು ಬಂದವು.
ಸೊಟ್ಟ ನಕ್ಷೆಯನ್ನು ಟೀಚರ್ ಗೋಡೆಗೆ ಹಚ್ಚಿದರು.

ಸಂಜೆಯವರೆಗೆ ಕಾಯದೆ ನಾಲ್ವರೂ
ದರ್ಜಿಯ ಬೋರ್ಡಿನ ಕೆಳಗೆ ಹೋಗಿ ನಿಂತೆವು, ಪರೀಕ್ಷಿಸಲು.
ಅಫ್ನಾಸನ ಲೆಕ್ಕ ಸರಿ. ಇಬ್ಬರಿಗೇ.
ಲುಲ್ವಾಳ ಭುಜ ಹೊರಗೆ, ನನ್ನ ಬ್ಯಾಗು ಹೊರಗೆ,
ರೊವೆನಾ ನಗುತ್ತ ಒಂಟಿಕಾಲಲ್ಲಿ.
ಇನ್ನೂ ಸ್ವಲ್ಪ ಸರಿದರೆ ಆದೀತೇನೋ ಅನ್ನುವಷ್ಟರಲ್ಲಿ
ದರ್ಜಿ ಟೇಪು ಕೊರಳಲ್ಲೇ ಹೊರಬಂದು ಬೈದ:
ಗಿರಾಕಿ ಬರುವ ದಾರಿ, ನಡೀರಿ!

ನಡೆದೆವು.
ಬಿಸಿಲಿಗೆ ಯಾರ ಲೆಕ್ಕವೂ ಬೇಕಿರಲಿಲ್ಲ.
ನೀರುದೋಸೆ ನಾಲ್ಕಿದ್ದವು.