ಕೆಂಪು ಚುಕ್ಕಿಯ ಖಾನೆ

ಮುಹರಕ್. ರಾತ್ರಿ ಹನ್ನೊಂದೂವರೆ.
ಇಸ್ತ್ರಿಯ ಹಬೆ ಇನ್ನೂ ಕುತ್ತಿಗೆಯಲ್ಲಿದೆ.
ಮೇಲಿನ ಮಂಚದಲ್ಲಿ ಐತಪ್ಪಣ್ಣನ ಗೊರಕೆ,
ಕೆಳಗೆ ನಾನು, ಒಂದೇ ಕಿವಿಗೆ ಇಯರ್‌ಫೋನು,
ಇನ್ನೊಂದು ಸತ್ತು ತಿಂಗಳಾಯಿತು.

ವಿಡಿಯೋದ ಹುಡುಗ ಮುಖ ತೋರಿಸುವುದಿಲ್ಲ,
ಬಾಣವೊಂದೇ ಓಡಾಡುತ್ತದೆ.
'ಬಹುತ್ ಆಸಾನ್' ಅನ್ನುತ್ತಾನೆ ಪಾಠಕ್ಕೊಮ್ಮೆ.
ಅವನಿಗೆ ಆಸಾನ್.
ನಾನು ನಿಲ್ಲಿಸಿ, ಹಿಂದಕ್ಕೆಳೆದು, ಮತ್ತೆ ನಿಲ್ಲಿಸಿ
ಅಂಗಿಯೊಳಗಿಡುವ ರಟ್ಟಿನ ಮೇಲೆ
ಗೀಚಿಕೊಂಡ ಕೀಬೋರ್ಡಿಗೆ ಬೆರಳೂರುತ್ತೇನೆ.
ಟ್ಯಾಬ್ ಒತ್ತಿದರೆ ಮುಂದಿನ ಖಾನೆ.
ರಟ್ಟು ಅಲುಗುವುದೇ ಇಲ್ಲ.

ಹನ್ನೆರಡು ವರ್ಷ ನೀಲಿ ಪೆನ್ನಿನ ರಿಜಿಸ್ಟರು ನನ್ನದು:
ಎರಡು ತೋಬು, ಒಂದರ ಕಾಲರಿಗೆ ಕಾಫಿ;
ಫಿಲಿಪಿನೋ ನರ್ಸು, ಮೂರನೇ ಗುಂಡಿ ಸಡಿಲ;
ಸೇತುವೆ ದಾಟಿ ಬರುವ ಪಠಾಣ, ಕಂದು ಕಮೀಜು.
ಹೊಸ ಸಾಫ್ಟ್‌ವೇರಿಗೆ ಇಷ್ಟೆಲ್ಲ ಬೇಡ.
ಹೆಸರು, ಮೊಬೈಲು, ಎಷ್ಟು ಬಟ್ಟೆ, ಎಷ್ಟು ದಿನಾರು.
ಒಂದನೇ ತಾರೀಖಿಗೆ ರಿಜಿಸ್ಟರನ್ನು
ಅರ್ಬಾಬ್ ತಾನೇ ಕಪಾಟಿಗೆ ಹಾಕಿ ಬೀಗ ಜಡಿದ.

ಏಳನೇ ಪಾಠ: ಕೆಂಪು ಚುಕ್ಕಿಯಿರುವ ಖಾನೆಯನ್ನು
ಖಾಲಿ ಬಿಡುವಂತಿಲ್ಲ.

ಮೊನ್ನೆ ಪಠಾಣ ಬಂದ.
ಮೊಬೈಲ್ ನಂಬರು?
ನಕ್ಕ. ಹೊರಗೆ ನಿಂತ ಲಾರಿ ತೋರಿಸಿದ.
ಖಾಲಿ ಬಿಟ್ಟೆ, ಸೇವ್ ಆಗಲಿಲ್ಲ.
ಸೊನ್ನೆ ಹೊಡೆದೆ, ಬೇಡವೆಂದಿತು.
ಅವನ ಹಿಂದೆ ನಾಲ್ಕು ಜನ, ತೋಳ ತುಂಬ ಬಟ್ಟೆ.
ಕೀಲಿ ಹುಡುಕದೆ ಬೆರಳಿಗೆ ಬರುವುದು
ಎಂಟೇ ಅಂಕಿ. ಅದನ್ನೇ ಹೊಡೆದೆ.

ಈಗ, ಎಂಟನೇ ಪಾಠದ ನಡುವೆ,
ಹುಡುಗನ ಬಾಣದ ಮೇಲೆ ಜಾರಿ ಬಂತು ಸಂದೇಶ:
ಪ್ರಿಯ ಗ್ರಾಹಕರೇ, ನಿಮ್ಮ ಬಟ್ಟೆ ಸಿದ್ಧವಿದೆ.

ಹನ್ನೆರಡು ವರ್ಷದಲ್ಲಿ ಮೊದಲ ಸಲ
ಯಾರೋ ನನ್ನ ಬಟ್ಟೆ ಒಗೆದು ಮಡಚಿಟ್ಟಿದ್ದಾರೆ.
ಮಡಚಿದ್ದೂ ನಾನೇ, ಸಂಜೆ ಆರಕ್ಕೆ,
ಎಡತೋಳಿನ ಗ್ರೀಸು ಪೂರ್ತಿ ಹೋಗಿಲ್ಲ.
ಅದನ್ನು ಬರೆಯುವ ಖಾನೆ
ಯಾವ ಪಾಠದಲ್ಲಿ ಬರುತ್ತದೋ,
ಮುಂದಕ್ಕೆ ಎಳೆದು ನೋಡುತ್ತಿದ್ದೇನೆ.