ಒಲ್ಲೆ

ಮೂರು ವರ್ಷಕ್ಕೊಮ್ಮೆ ಐದು ಬರಹ ಕೊಡಬೇಕು,
ಇಲ್ಲವಾದರೆ ನರ್ಸುಗಳ ಪಟ್ಟಿಯಿಂದ ಹೆಸರು ಹೋಗುತ್ತದೆ.
ನಾಲ್ಕು ಬರೆದಾಯಿತು: ಕೈ ತೊಳೆಯುವುದು, ಹಾಸಿಗೆ ಹುಣ್ಣು,
ಮರೆವಿನವರಿಗೆ ಉಣ್ಣಿಸುವ ಬಗೆ, ಹೊಸ ಪಂಪು.
ಐದನೆಯದಕ್ಕೆ ಕೂತಿದ್ದೇನೆ, ಗ್ರಿಮ್ಸ್‌ಬಿಯ ಅಡುಗೆಮನೆಯಲ್ಲಿ.
ಮೀನುಕಟ್ಟೆಯ ಕಡೆಯಿಂದ ಗಾಳಿ.
ಹಿತ್ತಲ ಹಗ್ಗದ ಮೇಲೆ ನನ್ನ ಕಡುನೀಲಿ ಅಂಗಿ
ನನಗಿಂತ ಎದೆಯುಬ್ಬಿಸಿ ನಿಂತಿದೆ.

ಮೊದಲ ಚೌಕ ಕೇಳುತ್ತದೆ: ಏನು ನಡೆಯಿತು?

ಜನವರಿ. ತಿಳಿನೀಲಿ ಬಿಟ್ಟು ಕಡುನೀಲಿ ತೊಟ್ಟ ಮೊದಲ ರಾತ್ರಿ.
ಇಪ್ಪತ್ತೆಂಟು ಹಾಸಿಗೆ, ನನ್ನನ್ನೂ ಸೇರಿಸಿ ಮೂವರು ನರ್ಸುಗಳು.
ಒಬ್ಬಳ ಹೆಸರು ಕೀಲಿ. ಪಾಸಾಗಿ ಹನ್ನೊಂದು ವಾರ.
ಔಷಧಿ ಕಪಾಟಿನ ಕೀಲಿ ಮಾತ್ರ ನನ್ನ ಸೊಂಟದಲ್ಲಿತ್ತು.
ಹದಿನಾಲ್ಕನೇ ಹಾಸಿಗೆಗೆ ರಕ್ತ ಏರುತ್ತಿತ್ತು.
ಇಪ್ಪತ್ತರಲ್ಲಿದ್ದ ಮುದುಕ, ಹಿಂದೆ ಟ್ರಾಲರಿನವನು,
ಹತ್ತು ನಿಮಿಷಕ್ಕೊಮ್ಮೆ ಎದ್ದು
ಬಲೆಯೆಂದು ಪರದೆ ಜಗ್ಗುತ್ತಿದ್ದ.

ಎರಡೂಕಾಲಿಗೆ ಫೋನು,
ಹಾಸಿಗೆಗಳ ಲೆಕ್ಕ ಇಡುವವರದು:
ಸೂ, ಒಬ್ಬರನ್ನು ಒಂಬತ್ತನೇ ವಾರ್ಡಿಗೆ ಕಳಿಸು.
ಸುವಾರ್ತಾ ಅಂತ ಅಪ್ಪ ಇಟ್ಟದ್ದು.
ಈ ಊರ ನಾಲಿಗೆಯ ಮೇಲೆ ಸವೆದು ಅಷ್ಟೇ ಉಳಿದಿದೆ.

ನಾಯಕತ್ವದ ಕೋರ್ಸು ಮುಗಿಸಿದ್ದೆ, ಲಿಂಕನ್ನಿನ ಹೋಟೆಲಿನಲ್ಲಿ ಎರಡು ದಿನ,
ಬಣ್ಣದ ಚೀಟಿ, ಬಿಸ್ಕೀಟು,
ದೃಢವಾಗಿ ಮಾತಾಡುವ ನಾಟಕ.
ಚೆನ್ನಾಗಿ ಆಡಿದ್ದಕ್ಕೆ ನನಗೊಂದು ಪೆನ್ನು ಬಂದಿತ್ತು.
ಆ ಸಾಲುಗಳಲ್ಲಿ ಒಂದೂ ಬಾಯಿಗೆ ಬರಲಿಲ್ಲ.

ಇವರ ಭಾಷೆಯಲ್ಲಿ ನನ್ನ ನೋ
ಯಾವಾಗಲೂ ಸಾರಿಯ ಸೆರಗು ಹಿಡಿದೇ ಬರುತ್ತದೆ.
ನನ್ನದರಲ್ಲಿ ಎಷ್ಟೊಂದಿವೆ.
ಇಲ್ಲ ಎಂದರೆ ಡಬ್ಬಿಯಲ್ಲಿ ಸಕ್ಕರೆ ಮುಗಿದಿದೆ.
ಅಲ್ಲ ಎಂದರೆ ನೀವು ಹುಡುಕುವ ಮನೆ ಇದಲ್ಲ.
ಬೇಡ ಎಂದರೆ ಹೊಟ್ಟೆ ತುಂಬಿದೆ.
ಇನ್ನೊಂದುಂಟು, ನಮ್ಮ ಬೆಟಗೇರಿ ಕಡೆ
ಮೂರು ವರ್ಷದ ಕೂಸೂ ಹಿಮ್ಮಡಿ ಊರಿ ಹೇಳುವುದು,
ಕಾರಣ ಕೊಡದ ಮಾತು:
ಒಲ್ಲೆ.

ಅದೇ ಬಂತು, ಕನ್ನಡದಲ್ಲೇ.
ಅತ್ತ ಕಡೆ ಮೌನ. ಏನಂದೆ, ಲವ್?
ಆಮೇಲೆ ಅವರಿಗೆ ತಿಳಿಯುವ ಹಾಗೆ ಹೇಳಿದೆ: ಕಳಿಸುವುದಿಲ್ಲ.
ನನ್ನ ಹೆಸರು ಬರೆದುಕೊಳ್ಳಿ, ಹೊತ್ತೂ ಬರೆದುಕೊಳ್ಳಿ.
ಫೋನಿಟ್ಟೆ.
ತಾಫಾಡ್ಜ್ವಾ ಟ್ರಾಲಿಯ ಹಿಂದಿನಿಂದ ಹುಬ್ಬೇರಿಸಿ ನೋಡಿ
ಮತ್ತೆ ಮಾತ್ರೆ ಎಣಿಸತೊಡಗಿದ.

ಬರಹ ಇಲ್ಲಿಗೆ ನಿಂತಿದ್ದರೆ ಚೆನ್ನಿತ್ತು.
ಮ್ಯಾಟ್ರನ್ ಓದಿ ಎಲ್ಲೋ ಒಂದು ಕಡೆ ಧೈರ್ಯ ಎಂದು ಬರೆಯುತ್ತಿದ್ದರು.

ನಾಲ್ಕು ಗಂಟೆಗೆ ಒಂಬತ್ತನೇ ವಾರ್ಡಿನಲ್ಲಿ
ಗುಂಡಿ ಒತ್ತಿ, ಒತ್ತಿ, ಯಾರೂ ಬಾರದೆ,
ತಾನೇ ಎದ್ದು ಬಚ್ಚಲ ಕಡೆ ಹೊರಟ ಅಜ್ಜಿ ಬಿದ್ದಳು.
ಸೊಂಟದ ಮೂಳೆ.
ಹೆಸರು ಕೇಳಿ ತಿಳಿದುಕೊಂಡೆ. ಇಲ್ಲಿ ಬರೆಯುವಂತಿಲ್ಲ.

ನಮ್ಮಲ್ಲಿ ಯಾರೂ ಬೀಳಲಿಲ್ಲ.
ರಕ್ತದ ಚೀಲ ಹೊತ್ತಿಗೆ ಸರಿಯಾಗಿ ಮುಗಿಯಿತು,
ಕೀಲಿ ಅಳಲಿಲ್ಲ,
ಬಲೆ ಎಳೆಯುವವನು ಐದಕ್ಕೆ ನಿದ್ದೆ ಹೋದ.
ಈ ತಕ್ಕಡಿಯಲ್ಲಿ ಏನನ್ನು ಎಲ್ಲಿ ಇಡಬೇಕೆಂದು
ಲಿಂಕನ್ನಿನಲ್ಲಿ ಹೇಳಿಕೊಡಲಿಲ್ಲ.

ಗ್ಲೆನಿಸ್ ಮೂವತ್ತೊಂದು ವರ್ಷದಿಂದ ಸಹಾಯಕಿ,
ಯಾವ ಕೋರ್ಸಿಗೂ ಯಾರೂ ಕಳಿಸದವಳು.
ಬೆಳಿಗ್ಗೆ ಟೋಸ್ಟಿಗೆ ಬೆಣ್ಣೆ ಸವರುತ್ತ ಅಂದಳು:
ಕಳಿಸಿದ್ದರೆ ಇಲ್ಲಿ ಯಾರಾದರೂ ಬೀಳುತ್ತಿದ್ದರು. ಬೀಳದೆಯೂ ಇರಬಹುದಿತ್ತು.
ಆಗಲ್ಲ ಅಂದೆಯಲ್ಲ, ಸರಿಯೇ.
ಅಷ್ಟಕ್ಕೇ ಫೋನಿಟ್ಟೆಯಲ್ಲ, ಅದು.
ನಾನು ಹೋಗಿ ಒಂದು ತಾಸು ಅಲ್ಲಿಯ ಗಂಟೆಗಳಿಗೆ ಓಡಿ ಬರುತ್ತಿದ್ದೆ.
ನನ್ನನ್ನು ಯಾರೂ ಕೇಳಲಿಲ್ಲ.

ಟೋಸ್ಟನ್ನು ಎರಡು ತುಂಡು ಮಾಡಿ ದೊಡ್ಡದನ್ನು ನನಗೆ ಕೊಟ್ಟಳು.

ಕೊನೆಯ ಚೌಕ: ಇದರಿಂದ ನಿಮ್ಮ ಕೆಲಸದಲ್ಲಿ ಏನು ಬದಲಾಯಿತು?
ಬರೆದೆ: ಗ್ಲೆನಿಸಳನ್ನು ಕೇಳುತ್ತೇನೆ.
ಹೆಸರು ಹಾಕಬಾರದೆಂಬ ನಿಯಮ ನೆನಪಾಗಿ
ಹೊಡೆದು, ಸಹೋದ್ಯೋಗಿ ಎಂದು ತಿದ್ದಿದೆ.
ಹಾಗೆ ತಿದ್ದಿದ ಮೇಲೆ ಅದು ಯಾರೂ ಅಲ್ಲ.

ಗಾಳಿ ನಿಂತಿದೆ. ಅಂಗಿಯ ತೋಳು ಜೋತಿದೆ.
ಒಣಗಿದೆಯೋ ಏನೋ,
ರಾತ್ರಿಗೆ ಬೇಕು.